ಕೆಲಸಕ್ಕೆ ಹೋದವಳು

ಹಾಲು ಸೀದ ವಾಸನೆ, ಅಲ್ಲ, ಹಾಲು ಒಲೆಗಿಟ್ಟದ್ದೇ ಈಗ, ಸೀಯುವುದಕ್ಕೆ ಇನ್ನೂ ಹೊತ್ತಿದೆ, ಇದು ಬೇರೆ, ಇದು ಅತ್ತೆಯ ಕೋಣೆಯಿಂದ ಬರುತ್ತಿದೆ ಅಂತ ಮೂಗಿಗೆ ಚೆನ್ನಾಗಿ ಗೊತ್ತು, ಮೂಗಿಗೆ ಗೊತ್ತಾದದ್ದು ತನಗೆ ಗೊತ್ತಾಗದ ಹಾಗೆ ಅವನು ಅಡಿಗೆಮನೆಯಲ್ಲಿ ನಿಂತಿದ್ದಾನೆ, ಸೌಟು ಹಿಡಿದುಕೊಂಡು, ಹಾಲಿಗೆ ಸೌಟು ಯಾಕೆ ಅಂತ ಕೇಳುವವರು ಯಾರೂ ಇಲ್ಲ, ಹೆಂಡತಿ ಇದ್ದಿದ್ದರೆ ಕೇಳುತ್ತಿದ್ದಳು, ಏನು, ಹಾಲಿಗೆ ಹೊಡೀತೀರಾ ಅದರಲ್ಲಿ, ಅಂತ. ಆಯಾ ಬರಲಿ, ನೋಡಿಕೊಳ್ಳುತ್ತಾಳೆ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಅಣ್ಣಾ, ಹೆಂಗಿದಾರೆ ಅಜ್ಜಿ ಅಂತ ಕೂಗಿ ನೇರ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುತ್ತಾಳೆ, ಇಷ್ಟು ಹೊತ್ತಿಗೆ ಬರಬೇಕಿತ್ತಲ್ಲ, ಅವಳ ಮಗುವಿಗೆ ಹುಷಾರಿಲ್ಲವೋ ಏನೋ, ಒಂದು ಫೋನಾದರೂ ಮಾಡಬಾರದಾ, ಎಷ್ಟು ಸಲ ಹೇಳಿದರೂ ಈ ಹೆಂಗಸಿಗೆ — ಅಯ್ಯೋ. ಅಯ್ಯೋ ಪೆದ್ದೇ, ಶುದ್ಧ ಪೆದ್ದೇ. ಬೇಡ ಅಂದವನು ನೀನೇ ಅಲ್ಲವಾ, ನಿನ್ನೆ ಸಂಜೆ, ಇದೇ ಜಾಗದಲ್ಲಿ ನಿಂತು, ನಾಳೆಯಿಂದ ಬೇಡಮ್ಮ, ನಾಳೆ ಹೊರಡ್ತಾರಲ್ಲ ಅವರು, ಅಂತ ದೊಡ್ಡ ಮನುಷ್ಯನ ಹಾಗೆ, ಅವಳು ಅತ್ತೆಯ ಗಲ್ಲ ಮುಟ್ಟಿ ಮೂಗೊರೆಸಿಕೊಂಡು ಹೋದಳು. ಹೊರಡುವುದು ಹನ್ನೊಂದಕ್ಕೆ, ಹನ್ನೊಂದಕ್ಕೆ ಮುಂಚೆ ಒಂದು ಬೆಳಿಗ್ಗೆ ಅಂತ ಇರುತ್ತದೆ, ಬೆಳಿಗ್ಗೆ ಅಂದಮೇಲೆ ಸ್ನಾನ ಅಂತ ಇರುತ್ತದೆ, ಇದು ಹೊಳೆಯಲೇ ಇಲ್ಲ, ಊರವರಿಗೆಲ್ಲ ಮುಂದಿನ ತಿರುವನ್ನ ಈಗಲೇ ನೋಡಿ ಈಗಲೇ ನೋಡಿ ಅಂತ ಗಂಟಲು ಹರಕೊಳ್ಳುವ ಡ್ರೈವಿಂಗ್ ಸ್ಕೂಲ್ ಮೇಷ್ಟ್ರಿಗೆ ತನ್ನ ಮನೆಯ ಬಚ್ಚಲ ತಿರುವು ಕಾಣಲಿಲ್ಲ. ಒಲೆ ಆರಿಸಿದ. ಅತ್ತೆಗೆ ಸ್ನಾನ ಮಾಡಿಸಬೇಕು. ತಾನು. ಅಳಿಯ.

ಬಾಗಿಲ ಪಕ್ಕದಲ್ಲಿ ಸೂಟ್‌ಕೇಸು, ಮೂಲೆ ಸವೆದ ನೀಲಿ ಸೂಟ್‌ಕೇಸು, ಹೆಂಡತಿಯದು, ಈಗ ಒಳಗೆ ಅವಳ ಅಮ್ಮನ ಅಂಗಿಗಳು ಶಾಲುಗಳು ಮಾತ್ರೆಗಳು, ಭಾವಮೈದ ಕಾರು ತರುತ್ತೇನೆ ಅಂದಿದ್ದಾನೆ, ಊರಾಚೆ ಒಂದು ಜಾಗ, ವೃದ್ಧಾಶ್ರಮ ಅನ್ನಬೇಡಿ ಭಾವ, ಕೇಳೋಕೆ ಒಂಥರಾ ಆಗತ್ತೆ, ಆರೈಕೆ ಮನೆ ಅನ್ನಿ, ನರ್ಸುಗಳಿದಾರೆ, ಹಿಂದುಗಡೆ ತೋಟ ಇದೆ, ಅಮ್ಮನಿಗೆ ಗಿಡ ಅಂದ್ರೆ ಪ್ರಾಣ ಅಲ್ವಾ, ಹೌದಾ, ಇಷ್ಟು ವರ್ಷದಲ್ಲಿ ಅತ್ತೆ ಒಂದು ಕುಂಡಕ್ಕೆ ನೀರು ಹಾಕಿದ್ದನ್ನು ಅವನಂತೂ ನೋಡಿಲ್ಲ, ಇರಲಿ, ಹೆತ್ತ ಮಗ ಹೇಳಿದಮೇಲೆ ಪ್ರಾಣವೇ ಇರಬೇಕು. ಭಾವಮೈದ ಕೆಟ್ಟವನಲ್ಲ, ಪಾಪ, ಅವನ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ, ಹೆಂಡತಿಗೆ ಬೆನ್ನುನೋವು, ಭಾನುವಾರ ತಪ್ಪಿಸದೆ ಹಣ್ಣು ಹಿಡಿದು ಬರುತ್ತಾನೆ, ಅಮ್ಮನ ಎದುರು ಕೂತು ನಾನು ಯಾರು ಹೇಳು ನೋಡೋಣ ಅಂತ ಪರೀಕ್ಷೆ ಮಾಡುತ್ತಾನೆ, ಅವರು ಫೇಲಾದರೆ ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತುಬಿಡುತ್ತಾನೆ. ಭಾವ, ನೀವೂ ಮನುಷ್ಯರೇ, ಎಷ್ಟು ಅಂತ ಮಾಡ್ತೀರಿ, ಅಕ್ಕನೇ ಹೋದಮೇಲೆ ನಿಮಗೆ ಯಾವ ಋಣ. ಋಣವಂತೆ. ಆಗೆಲ್ಲ ಬೇಡ ಬೇಡ ಅಂದ ಇವನು ಹೋದ ತಿಂಗಳು ಹೂಂ ಅಂದುಬಿಟ್ಟ, ಅತ್ತೆ ಮನೆ ಬಿಟ್ಟು ಹೋದರಲ್ಲ ಆ ಮಧ್ಯಾಹ್ನ, ಅದಕ್ಕೇ ಹೆದರಿದ ಅಂತ ಭಾವಮೈದ ಅಂದುಕೊಂಡ, ಹೆದರಿದ್ದು ನಿಜ, ಅದಕ್ಕಲ್ಲ. ಆಯಾ ಬಟ್ಟೆ ಒಣಹಾಕಲು ಮೇಲೆ ಹೋಗಿದ್ದಳು, ಅವನು ಪಾಠದ ಕಾರಿನಲ್ಲಿದ್ದ, ಹಲ್ಲಿನ ಡಾಕ್ಟರು ಸ್ಟೇರಿಂಗ್ ಹಿಡಿದಿದ್ದರು, ಇಂಡಿಕೇಟರ್ ಹಾಕಿ ಅಂದರೆ ವೈಪರ್ ಹಾಕುವ ಡಾಕ್ಟರು, ಫೋನು ಬಂದದ್ದೇ ಅವರನ್ನು ಕಾರಿನ ಸಮೇತ ರಸ್ತೆ ಪಕ್ಕ ಬಿಟ್ಟು ಬಿದ್ದಂಬೀಳ ಓಡಿದ, ಬಿರುಬಿಸಿಲಲ್ಲಿ ವೈಪರ್ ಆಡುತ್ತಲೇ ಇತ್ತು, ಅತ್ತೆ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತಿದ್ದರು, ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಅವನದು, ಬನ್ನಿ ಕೂತ್ಕೊಳ್ಳಿ, ಅವಳು ಬರೋ ಹೊತ್ತಾಯ್ತು, ಬ್ಯಾಗು ಭಾರ ಇರತ್ತೆ, ಇಬ್ರೂ ಹಿಡ್ಕೊಳ್ಳೋಣ. ಎಬ್ಬಿಸಿಕೊಂಡು ಬರಬೇಕಿತ್ತು. ಕೂತ. ಬಸ್ಸು ಬಂತು, ಜನ ಇಳಿದರು, ಇಳಿದವರ ಮುಖವನ್ನೆಲ್ಲ ಒಂದೂ ಬಿಡದೆ ನೋಡಿದ, ಬಸ್ಸು ಹೋಯಿತು, ಇದರಲ್ಲಿ ಇಲ್ಲ, ಮುಂದಿನದರಲ್ಲಿ ಇರಬಹುದು, ಅಂತ ಅಂದದ್ದು ಅತ್ತೆಯಲ್ಲ, ಅವನು. ಮುಂದಿನ ಬಸ್ಸಿಗೂ ಕೂತ. ಮನೆಗೆ ಬಂದದ್ದೇ ಭಾವಮೈದನಿಗೆ ಫೋನ್ ಮಾಡಿ, ಆಯ್ತಪ್ಪ, ನೋಡು ಆ ಜಾಗ, ಅಂದ.

ಬಕೆಟ್ಟಿಗೆ ಬಿಸಿನೀರು ಬೀಳುತ್ತಿದೆ, ಬೆರಳದ್ದಿದರೆ ಚುರ್ ಅನ್ನುತ್ತದೆ, ತಣ್ಣೀರು ಬೆರೆಸು, ಇನ್ನಷ್ಟು, ಮೊಣಕೈ ಅದ್ದಿ ನೋಡಬೇಕಂತೆ, ಮಗುವಿನ ಸ್ನಾನಕ್ಕೆ ಹಾಗೆ ನೋಡುತ್ತಾರೆ ಅಂತ ಹೆಂಡತಿ ಹೇಳಿದ್ದಳು, ಮಗುವೇ ಆಗಲಿಲ್ಲ, ಮೊಣಕೈಗೆ ಕೆಲಸ ಬಂದದ್ದು ಈಗ. ಅವಳು ಕಣ್ಣಿನ ಆಸ್ಪತ್ರೆಯಲ್ಲಿದ್ದಳು, ಸಾಲಾಗಿ ಕೂತವರ ಕಣ್ಣಿಗೆ ಹನಿ ಹಾಕುವ ಕೆಲಸ, ಮೇಲೆ ನೋಡಿ, ಇನ್ನೂ ಮೇಲೆ, ರೆಪ್ಪೆ ಬಿಗಿ ಮಾಡಬೇಡಿ, ಮನೆಗೆ ಬಂದರೂ ಅದೇ ದನಿ, ಮೇಲೆ ನೋಡ್ರೀ, ಫ್ಯಾನಿನ ಮೇಲೆ ಎಷ್ಟು ಧೂಳು, ಒಂದು ದಿನ ಅಲ್ಲೇ, ಸೀಸೆ ಕೈಯಲ್ಲಿದ್ದ ಹಾಗೇ ಕುಸಿದಳಂತೆ, ಎದುರಿಗಿದ್ದ ಮುದುಕರಿಗೆ ಗೊತ್ತಾಗದೆ ಅವರು ತಲೆ ಹಿಂದಕ್ಕೆ ವಾಲಿಸಿಕೊಂಡು ಇನ್ನೊಂದು ಕಣ್ಣಿಗೆ ಹನಿ ಬೀಳಲಿ ಅಂತ ಕಾಯುತ್ತಲೇ ಇದ್ದರಂತೆ. ಅತ್ತೆಗೆ ಅವನೇ ಹೇಳಿದ. ಎದೆ ಬಡಿದುಕೊಂಡು ಅತ್ತರು, ಅಳುತ್ತಾ ಮಲಗಿದರು, ಬೆಳಿಗ್ಗೆ ಎದ್ದು ಕಾಫಿ ಲೋಟ ಹಿಡಿದು ಕೇಳಿದರು, ಅವಳೆಲ್ಲಿ, ಕಾಣಲ್ವಲ್ಲ. ಮತ್ತೆ ಹೇಳಿದ, ಮತ್ತೆ ಅದೇ ಮೊದಲ ಸಲದ ಅಳು, ಮಾರನೆಯ ದಿನ ಮತ್ತೆ, ದಿನಾ ಬೆಳಗಾದರೆ ಅವಳು ಈ ಮನೆಯಲ್ಲಿ ಹೊಸದಾಗಿ ಸಾಯುತ್ತಿದ್ದಳು, ಸಾಯಿಸುವವನು ಇವನು, ಅದೂ ಕಾಫಿ ಆರುವ ಮುಂಚೆ. ಒಂದು ದಿನ ಕೆಳಗೆ ಕಲಿಯುವವರು ಯಾರೋ ಹಾರ್ನ್ ಹೊಡೆಯುತ್ತಿದ್ದರು, ಕೀ ಸಿಕ್ಕಿರಲಿಲ್ಲ, ತಲೆ ಕೆಟ್ಟು ಹೋಗಿತ್ತು, ಕೆಲಸಕ್ಕೆ ಹೋಗಿದಾಳೆ ಅತ್ತೆ, ಸಂಜೆ ಬರ್ತಾಳೆ, ಅಂದುಬಿಟ್ಟ. ಹೌದಾ, ಅಂದರು, ಕಾಫಿ ಕುಡಿದರು, ಅಷ್ಟೇ. ಅವತ್ತು ಸಂಜೆ ಕಾರು ನಿಲ್ಲಿಸಿ ತಲೆಯೆತ್ತಿ ನೋಡಿದ, ಅಡಿಗೆಮನೆಯಲ್ಲಿ ದೀಪ ಹತ್ತಿದೆಯಾ ಅಂತ, ಥೂ, ತನ್ನ ಸುಳ್ಳಿಗೆ ತಾನೇ ಮರುಳಾಗುವುದು ಅಂದರೆ. ಆಮೇಲೆ ದಿನಾ ಅದೇ, ದಿನಕ್ಕೊಂದಿಷ್ಟು ಉಪ್ಪು ಖಾರ ಹಚ್ಚಿ, ಇವತ್ತು ಆಸ್ಪತ್ರೇಲಿ ತುಂಬಾ ಜನ ಅಂತೆ, ತಡ ಆಗತ್ತಂತೆ, ಫೋನ್ ಮಾಡಿದ್ಳು, ಮೊಸರು ತಂದಿಡಿ ಅಂದ್ಳು, ಆಡಿದ ಮಾತಿಗೆ ತಪ್ಪಬಾರದಲ್ಲ ಅಂತ ಮೊಸರನ್ನೂ ತರುವುದು, ಅತ್ತೆ ಅದನ್ನು ಬಟ್ಟಲಿಗೆ ಸುರಿದು ತಟ್ಟೆ ಮುಚ್ಚಿಡುವುದು, ಬರ್ಲಿ ಅವಳು, ಮಾಡ್ತೀನಿ, ಹೊತ್ತಿಲ್ಲ ಗೊತ್ತಿಲ್ಲ, ನೀವು ಬಾಯಿ ಮುಚ್ಚಿಕೊಂಡು ಇರ್ತೀರಲ್ಲ ಅದಕ್ಕೇ ಹೀಗಾಡೋದು. ನನ್ನ ಮಾತು ಎಲ್ಲಿ ಕೇಳ್ತಾಳೆ ಅತ್ತೆ, ನೀವೇ ಹೇಳಿ. ಇಬ್ಬರೂ ಕೂತು ಅವಳನ್ನು ಬೈಯುವುದು, ಎಂಥ ಹಾಯಿ ಅದು, ಬೇರೆ ಯಾರ ಹತ್ತಿರ ಬೈಯಲಿ, ಭಾವಮೈದನ ಕಣ್ಣು ತುಂಬಿಬಿಡುತ್ತದೆ, ಅಕ್ಕಪಕ್ಕದವರು ದೇವರಂಥ ಹೆಂಗಸು ಅಂದುಬಿಡುತ್ತಾರೆ, ದೇವರಂತೆ, ಸಿಟ್ಟು ಮೂಗಿನ ತುದಿಯಲ್ಲಿ, ಕೋಪ ಬಂದರೆ ಮನೆಯ ಬಾಗಿಲೆಲ್ಲ ಧಡಾರ್ ಧಡಾರ್, ಅದು ಗೊತ್ತಿರುವವರು ಇನ್ನು ಇಬ್ಬರೇ, ಒಬ್ಬರಿಗೆ ನೆನಪು ನಿಲ್ಲುವುದಿಲ್ಲ, ಇನ್ನೊಬ್ಬ ತಾನು. ಅತ್ತೆ ಹೋದರೆ ನಾಳೆ ಬೆಳಿಗ್ಗೆ ಅವಳೆಲ್ಲಿ ಅಂತ ಈ ಮನೆಯಲ್ಲಿ ಯಾರು ಕೇಳುತ್ತಾರೆ. ಅಲ್ಲಿ ನರ್ಸನ್ನು ಕೇಳುತ್ತಾರೆ, ನರ್ಸು ನಿಜ ಹೇಳಿಬಿಟ್ಟರೆ. ನೀರು ತುಂಬಿ ಹರಿಯುತ್ತಿದೆ, ನಲ್ಲಿ ನಿಲ್ಲಿಸು ಮಾರಾಯ.

ಅತ್ತೆ ಹಾಸಿಗೆಯ ಅಂಚಿನಲ್ಲಿ ಕೂತಿದ್ದಾರೆ, ಒದ್ದೆ ಅಂಗಿಯನ್ನು ಎರಡೂ ಕೈಯಿಂದ ಮೊಣಕಾಲ ಕೆಳಕ್ಕೆ ಎಳೆದುಕೊಳ್ಳುತ್ತಾ, ಮಗುವಿನ ಹಾಗೆ, ಅಲ್ಲ, ಎಲ್ಲರೂ ಮಗು ಮಗು ಅನ್ನುತ್ತಾರೆ, ಮಗುವಿಗೆ ನಾಚಿಕೆ ಎಲ್ಲಿರುತ್ತದೆ, ಇವರಿಗೆ ಇದೆ, ಏನು ಮರೆತರೂ ಅದೊಂದನ್ನು ಮರೆತಿಲ್ಲ. ಮದುವೆಯಾದ ಹೊಸತರಲ್ಲಿ ಅವನು ಒಳಗೆ ಬಂದರೆ ಕೂತವರು ಎದ್ದು ನಿಲ್ಲುತ್ತಿದ್ದರು, ಅಳಿಯಂದ್ರಿಗೆ ಕಾಫಿ ಕೊಟ್ಯೇನೇ ಅಂತ ಮಗಳನ್ನು ಕೇಳುವುದು, ಅವನಿಗೆ ಕೇಳಿಸುವಷ್ಟು ಜೋರಾಗಿ, ನೇರ ಅವನನ್ನು ಕೇಳಿದ್ದೇ ಇಲ್ಲ, ಅಂಥವರ ಕುತ್ತಿಗೆಯ ಗುಂಡಿಗೆ ಈಗ ಅವನ ಬೆರಳು, ಬೆರಳು ಗುಂಡಿಯನ್ನು ಹಿಡಿಯಲೊಲ್ಲದು, ಇದು ನಿನ್ನ ಕೈಯಲ್ಲಿ ಆಗದ ಕೆಲಸ, ಆಗದೆ ಏನು, ಆಗಲೇಬೇಕು. ಎದ್ದು ನಿಂತವರು ತೂರಾಡಿದರು, ಅವನ ಬಲಗಾಲು ನೆಲವನ್ನು ಬಲವಾಗಿ ಒತ್ತಿತು, ಪಾಠದ ಕಾರಿನಲ್ಲಿ ಅವನ ಕಡೆಗೂ ಒಂದು ಬ್ರೇಕ್ ಇದೆ, ಕಾಲಿಗೆ ಅದೇ ಚಾಳಿ, ಅತ್ತೆ ಎಡವಿದಾಗೆಲ್ಲ ನೆಲ ಒತ್ತುತ್ತಾನೆ, ಒತ್ತಿದರೆ ಅತ್ತೆ ನಿಲ್ಲಬೇಕಲ್ಲ. ಮೆಲ್ಲಗೆ, ಈ ಕಾಲು, ಈಗ ಆ ಕಾಲು, ಆತುರ ಇಲ್ಲ, ಹಿಂದೆ ಯಾರೂ ಹಾರ್ನ್ ಹೊಡೀತಿಲ್ಲ. ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂರಿಸಿದ, ದೊಡ್ಡ ಟವೆಲ್ ಬಿಸಿನೀರಲ್ಲಿ ಅದ್ದಿ ಮೈಮೇಲೆ ಹೊದಿಸಬೇಕು ಅಣ್ಣಾ, ಅದರಡಿಯಲ್ಲೇ ಸೋಪು, ಬೆಚ್ಚಗೂ ಇರತ್ತೆ ಮರ್ಯಾದೆಯೂ ಉಳಿಯತ್ತೆ, ಆಯಾ ಯಾವಾಗಲೋ ಮಾತಿಗೆ ಹೇಳಿದ್ದು, ಪುಣ್ಯಾತ್ಗಿತ್ತಿ, ಅವನು ಮುಖವನ್ನು ಗೋಡೆಗೆ ತಿರುಗಿಸಿಕೊಂಡು ಟೈಲ್ಸಿನ ಬಿರುಕನ್ನೇ ದಿಟ್ಟಿಸುತ್ತಾ, ಕೈ ಮಾತ್ರ ಟವೆಲಿನಡಿಯಲ್ಲಿ, ಬೆನ್ನು, ಇಷ್ಟೇನಾ ಬೆನ್ನು, ಮೂಳೆ ಮೂಳೆಯೂ ಸಿಗುತ್ತದೆ, ಹೆಗಲ ಕೆಳಗೆ ಬೆರಳಿಗೆ ಏನೋ ತಗುಲಿತು, ಮಣ್ಣೋ ಏನೋ ಅಂತ ತಿಕ್ಕಿದ, ಹೋಗಲಿಲ್ಲ, ಕಡಲೆಕಾಳಿನಷ್ಟು ಉಬ್ಬು, ಮಚ್ಚೆ, ಅವಳಿಗೂ ಅಲ್ಲೇ — ಕೈ ನಿಂತೇಹೋಯಿತು. ಅದೇ ಜಾಗ, ಅದೇ ಗಾತ್ರ, ಕತ್ತಲಲ್ಲೂ ತಪ್ಪದೆ ಕೈಗೆ ಸಿಗುತ್ತಿದ್ದ ಅದು, ಇಷ್ಟು ದಿನದಿಂದ ಪಕ್ಕದ ಕೋಣೆಯಲ್ಲೇ ಇತ್ತು, ಅವಳು ಈ ಮೈಯಿಂದ ಬಂದವಳು ಅಂತ ಅವನಿಗೆ ಗೊತ್ತಿರಲಿಲ್ಲವಾ, ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ನೀರು ಹಾಕ್ತೀರಾ, ಚಳಿ ಆಗತ್ತೆ. ಹಾಕಿದೆ ಅತ್ತೆ, ಇಗೋ. ನೀವು ಯಾರು, ಡಾಕ್ಟರಾ. ಅಲ್ಲ, ಅಳಿಯ. ಅಯ್ಯೋ, ಅಳಿಯಂದ್ರು ಬಂದಿದಾರಾ, ಕಾಫಿ ಕೊಟ್ರಾ ಅವರಿಗೆ. ಕೊಟ್ಟೆ. ಸಕ್ಕರೆ ಕಮ್ಮಿ ಹಾಕ್ಬೇಕು. ಕಮ್ಮಿನೇ ಹಾಕಿದೀನಿ. ಒಳ್ಳೇವ್ರು ಅವರು, ನಮ್ಮ ಹುಡುಗಿಯ ಕೋಪ ತಡ್ಕೊಂಡಿದಾರೆ. ಅವನು ಗೋಡೆಯ ಕಡೆ ನೋಡುತ್ತಲೇ ನೀರು ಹಾಕಿದ, ಅರ್ಧ ತನ್ನ ಪ್ಯಾಂಟಿಗೇ ಬಿತ್ತು, ಒಳ್ಳೆಯವನಂತೆ, ಒಳ್ಳೆಯವನು ಸೂಟ್‌ಕೇಸು ತುಂಬುತ್ತಾನಾ, ನಮ್ಮ ಹುಡುಗಿ ಅಂದರಲ್ಲ, ಈಗ ಕೇಳುತ್ತಾರೆ, ಈಗ ಬರುತ್ತದೆ ಆ ಪ್ರಶ್ನೆ. ಬರಲಿಲ್ಲ, ಬೆಚ್ಚಗಿದೆ ಅಂದರು, ಕಣ್ಣು ಮುಚ್ಚಿಕೊಂಡರು.

ಒರೆಸಿ, ಮಡಿಸಿಟ್ಟ ಅಂಗಿ ತೊಡಿಸಿ, ಗುಂಡಿ ಮೇಲೊಂದು ಕೆಳಗೊಂದು ಹಾಕಿ ಬಿಚ್ಚಿ ಮತ್ತೆ ಹಾಕಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ ತಲೆ ಬಾಚಿದ, ಕೂದಲು ಬಾಚಣಿಗೆಗಿಂತ ಹಗುರ, ಕಾಫಿ ಕೈಗಿಟ್ಟ. ಲೋಟ ಕೈಗೆ ಬಂತು ಅಂದರೆ ಪ್ರಶ್ನೆ ಬಾಯಿಗೆ ಬರಬೇಕು, ಅವನು ಎದುರಿಗೆ ಕೂತ, ಇವತ್ತಿನ ಉತ್ತರವನ್ನು ಭಾವಮೈದ ಕಟ್ಟಿಕೊಟ್ಟಿದ್ದಾನೆ, ಅಕ್ಕ ಕೆಲಸ ಮುಗಿಸಿ ನೇರ ಅಲ್ಲಿಗೇ ಬರ್ತಾಳೆ ಅನ್ನಿ ಭಾವ, ಆಗ ಅಮ್ಮ ಹಟ ಮಾಡಲ್ಲ, ಅದನ್ನು ಹೇಗೆ ಹೇಳಲಿ, ಆ ತೋಟದ ಬಾಗಿಲಲ್ಲಿ ದಿನಾ ಸಂಜೆ ಒಬ್ಬರೇ ಕಾಯುತ್ತಾ ಕೂರುತ್ತಾರಲ್ಲ, ಪಕ್ಕದಲ್ಲಿ ಕೂರುವವರು ಯಾರು. ಅತ್ತೆ ಬ್ರೆಡ್ಡನ್ನು ಕಾಫಿಗೆ ಅದ್ದಿ ತಿನ್ನುತ್ತಿದ್ದಾರೆ. ಕೇಳಲಿಲ್ಲ. ಇನ್ನೊಂದು ತುಂಡು. ಇಲ್ಲ. ಬಿಸಿಲು ನೋಡುತ್ತಾರೆ, ಅವನನ್ನು ನೋಡುತ್ತಾರೆ, ನಗುತ್ತಾರೆ, ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ ಅಪರಿಚಿತರನ್ನು ನೋಡಿ ನಗುವ ಹಾಗೆ. ಒಳ್ಳೆಯದೇ ಆಯಿತು ಅನ್ನಿಸಬೇಕಿತ್ತು, ಕಾಟ ತಪ್ಪಿತು, ಎಷ್ಟು ಬೆಳಿಗ್ಗೆ ಆ ಪ್ರಶ್ನೆಗೆ ಹಲ್ಲು ಕಚ್ಚಿದ್ದಾನೆ, ಒಂದು ದಿನ ಕೇಳದೆ ಇರಬಾರದಾ ಅಂತ ಬೇಡಿಕೊಂಡಿದ್ದಾನೆ, ಈಗ ತಾನೇ ಮಾತು ತೆಗೆದ. ಅತ್ತೆ, ಮೊಸರು ತರಬೇಕಂತೆ. ತನ್ನಿ. ಅವಳು ಹೇಳಿದ್ಳು. ಸರಿ, ತನ್ನಿ. ಇವತ್ತೂ ತಡ ಅಂತೆ, ಕಣ್ಣಿನ ಆಸ್ಪತ್ರೇಲಿ ತುಂಬಾ ಜನ. ನನ್ನ ಕಣ್ಣಿಗೆ ಏನಾಗಿದೆ, ಚೆನ್ನಾಗೇ ಕಾಣತ್ತೆ. ಹಾಗಲ್ಲ ಅತ್ತೆ, ಅವಳು, ನೋಡಿ ಹೊತ್ತು ಗೊತ್ತು ಇಲ್ಲ ಅವಳಿಗೆ, ಬೈಯಲ್ವಾ. ಯಾರನ್ನ. ಅವಳನ್ನ. ಬೈಬಾರ್ದಪ್ಪ, ಯಾರನ್ನೂ ಬೈಬಾರ್ದು. ತಲೆ ಅಲ್ಲಾಡಿಸಿ ಬುದ್ಧಿ ಹೇಳಿದರು, ಮಾತಿನ ಕೊನೆಗೆ ಬ್ರೆಡ್ಡಿನ ಚೂರು ಲೋಟದೊಳಗೆ ಬಿತ್ತು, ಅದನ್ನು ಬೆರಳಲ್ಲಿ ಹುಡುಕತೊಡಗಿದರು. ನಿಜ ಹೇಳಿಕೊಂಡು ದಿನಾ ಸಾಯಿಸುತ್ತಿದ್ದಾಗಲೂ ಅವಳು ಮಾರನೆಯ ಬೆಳಿಗ್ಗೆ ಎದ್ದು ಬರುತ್ತಿದ್ದಳು, ಎಬ್ಬಿಸುತ್ತಿದ್ದದ್ದು ಈ ಬಾಯಿ, ಈ ಬಾಯಿ ಇವತ್ತು ಸುಮ್ಮನಿದೆ, ಇನ್ನು ಅವಳು ಎಲ್ಲಿಂದ ಬರಬೇಕು. ಇಷ್ಟೂ ದಿನ ಆ ಪ್ರಶ್ನೆಯನ್ನು ಹೊರೆ ಅಂದುಕೊಂಡಿದ್ದೆಯಲ್ಲೋ, ನೀನು ಇದ್ದದ್ದೇ ಅದರ ಆಸರೆಯಲ್ಲಿ.

ಕೆಳಗೆ ಹಾರ್ನ್, ಭಾವಮೈದನದು, ಎರಡು ಸಣ್ಣದು ಒಂದು ಉದ್ದ, ಹೊತ್ತಿಗೆ ಮುಂಚೆಯೇ ಬಂದಿದ್ದಾನೆ, ಕಾರಿನ ಬಾಗಿಲು ಮುಚ್ಚಿದ ಸದ್ದು, ಒಮ್ಮೆ, ಇನ್ನೊಮ್ಮೆ, ತನ್ನ ಹೆಂಡತಿಯನ್ನೂ ಕರೆತಂದಿದ್ದಾನೆ, ಇಲ್ಲಿ ಇವನು ನೆಲದ ಮೇಲೆ ಮಂಡಿಯೂರಿ ಅತ್ತೆಗೆ ಕಾಲುಚೀಲ ಹಾಕುತ್ತಿದ್ದಾನೆ, ಹಿಮ್ಮಡಿಗೆ ಸಿಕ್ಕಿಕೊಂಡಿದೆ, ಎಳೆಯಬೇಕು, ಎಳೆಯಲಿಲ್ಲ, ಪಾದ ಹಿಡಿದುಕೊಂಡು ಹಾಗೇ ಕೂತ, ಮೆಟ್ಟಿಲ ಮೇಲೆ ಹೆಜ್ಜೆ, ಇನ್ನು ಹೊತ್ತಿಲ್ಲ, ಕೇಳಿ ಅತ್ತೆ, ಒಂದೇ ಸಲ ಕೇಳಿ, ಹಾಳಾಗಿ ಹೋಗಲಿ, ನಾನೇ ಕೇಳ್ತೀನಿ, ಅತ್ತೆ, ನಿಮ್ಮ ಮಗಳೆಲ್ಲಿ. ಅವರು ಬಗ್ಗಿ ನೋಡಿದರು. ಕಾಣಲ್ವಲ್ಲ ಅತ್ತೆ, ಬೆಳಿಗ್ಗೆಯಿಂದ ಕಾಣಲ್ಲ, ಎಲ್ಲಿ ಅವಳು, ಅಂತ ಅವನ ದನಿ ಒಡೆಯಿತು, ಮೂಗು ಸೋರುತ್ತಿದೆ, ಎರಡೂ ಕೈ ಪಾದದ ಮೇಲಿದೆ, ಒರೆಸಿಕೊಳ್ಳಲಾಗುತ್ತಿಲ್ಲ, ಅತ್ತೆ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು, ಚೆಲ್ಲದ ಹಾಗೆ, ನಿಧಾನವಾಗಿ, ಆಮೇಲೆ ಹೇಳಿದರು, ಸ್ವಲ್ಪ ಜೋರಾಗಿ, ಬಿಡಿಸಿ ಬಿಡಿಸಿ, ನೆನಪು ನಿಲ್ಲದವರಿಗೆ ಅವನು ಹೇಳುವ ಹಾಗೇ, ಕೆಲಸಕ್ಕೆ ಹೋಗಿದಾಳಪ್ಪ. ಸಂಜೆ ಬರ್ತಾಳೆ. ಇಷ್ಟಕ್ಕೆಲ್ಲ ಅಳ್ತಾರಾ. ಅಂಗೈಯಿಂದ ಅವನ ಕೆನ್ನೆ ಒರೆಸಿದರು, ಒಂದು ಕಡೆ, ಇನ್ನೊಂದು ಕಡೆ, ಕೈ ಅಲ್ಲೇ ಉಳಿಯಿತು. ಬೆಲ್ಲು. ಭಾವ, ನಾವು. ಏಳಬೇಕು, ಸೂಟ್‌ಕೇಸು ಅಲ್ಲೇ ಇದೆ, ಚಿಲಕ ತೆಗೆಯುವುದು ಅಷ್ಟೇ, ಕೆನ್ನೆಯ ಮೇಲೆ ಅಂಗೈ, ಬೆಲ್ಲು, ಭಾವ, ಬಾಗಿಲು ತೆಗೀರಿ, ಹುಷಾರಾಗಿದೀರಾ, ಅವನ ಬಾಯಿ ತೆರೆಯಿತು, ಏನು ಹೇಳಬೇಕೆಂದು ಹುಡುಕುವ ಮುಂಚೆಯೇ ಮಾತು ಹೊರಗಿತ್ತು, ಸಂಜೆ ಬಾರಪ್ಪ, ನಿಮ್ಮಕ್ಕ ಕೆಲಸದಿಂದ ಬರ್ಲಿ, ಅವಳನ್ನ ಒಂದು ಮಾತು ಕೇಳದೆ ನಾನು ಹೇಗೆ ಕಳಿಸ್ಲಿ. ಬಾಗಿಲಾಚೆ ಭಾವಮೈದನ ಹೆಂಡತಿಯ ದನಿ, ಮೆಲ್ಲಗೆ, ಏನಂದ್ರು, ಏನಂದ್ರು ಅವರು, ಬೆಲ್ಲೂ ಇಲ್ಲ, ಅಂಗೈ, ನೀರಲ್ಲಿ ನೆನೆದು ಸುಕ್ಕಾದ ಬೆರಳು, ಸೋಪಿನ ವಾಸನೆ, ಕೆನ್ನೆಯ ಮೇಲೆ, ಬಾಗಿಲು ಇನ್ನೂ ಮುಚ್ಚಿದೆ, ಅಂಗೈ.